ನೆಲದಡಿಯ ತೇವ

ಮಳೆಗಾಲ ಬಂದೊಡನೆ ಗೋಡೆಯ ಬುಡ ಕಪ್ಪಾಗುವುದನ್ನೂ, ಸುಣ್ಣ ಹಕ್ಕಳೆಯೆದ್ದು ಉದುರುವುದನ್ನೂ, ಅದರ ಮೇಲೆ ಉಪ್ಪಿನಂಥ ಬಿಳಿಯ ಪುಡಿ ಮೂಡುವುದನ್ನೂ ನೀವು ನೋಡಿಯೇ ಇರುತ್ತೀರಿ. ಗೋಡೆಗೆ ಥಂಡಿ ಹಿಡಿಯಿತೆಂದು ಹೇಳಿ ಮತ್ತೊಮ್ಮೆ ಬಣ್ಣ ಬಳಿಸುತ್ತೇವೆ. ಮುಂದಿನ ವರ್ಷ ಅದೇ ಕಥೆ. ಈ ತೇವ ಎಲ್ಲಿಂದ ಬರುತ್ತದೆ, ಅದನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಅದಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ.

ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿದ್ದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಮನೆ ಕಟ್ಟುವ ವಿದ್ಯೆಯನ್ನು ಕುರಿತು ಹತ್ತು ಪುಸ್ತಕಗಳನ್ನು ಬರೆದ. ಏಳನೆಯ ಪುಸ್ತಕದಲ್ಲಿ ತೇವದ ಗೋಡೆಗಳ ಮಾತು ಬರುತ್ತದೆ. ನೆಲದಿಂದ ಮೂರಡಿ ಎತ್ತರದವರೆಗೆ ಮರಳಿಗೆ ಬದಲು ಸುಟ್ಟ ಹೆಂಚಿನ ಪುಡಿಯನ್ನು ಗಾರೆಗೆ ಬೆರೆಸಬೇಕೆಂದು ಅವನು ಹೇಳುತ್ತಾನೆ. ಇದು ನಮಗೆ ಹೊಸದೇನಲ್ಲ. ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ ನಮ್ಮಲ್ಲಿಯೂ ಇತ್ತು; ಕೃಷ್ಣರಾಜಸಾಗರದ ಕಟ್ಟೆ ಎದ್ದು ನಿಂತದ್ದು ಅದರಿಂದಲೇ. ಆದರೆ ಗೋಡೆಯಲ್ಲಿ ತೇವ ಸದಾಕಾಲ ಇದ್ದರೆ ಗಾರೆಯೊಂದೇ ಸಾಲದು, ಒಳಗಡೆ ಇನ್ನೊಂದು ತೆಳುಗೋಡೆ ಎತ್ತಿ, ನಡುವೆ ತೆರಪು ಬಿಟ್ಟು, ನೀರು ಹರಿದುಹೋಗಲು ಕಾಲುವೆಯನ್ನೂ ಗಾಳಿಗೆ ಕಿಂಡಿಗಳನ್ನೂ ಇಡಬೇಕು ಎಂದೂ ಅವನು ಸೂಚಿಸುತ್ತಾನೆ. ಗಮನಿಸಿ: ಅವನು ಎಲ್ಲ ಮನೆಗೂ ಒಂದೇ ಮದ್ದು ಹೇಳಲಿಲ್ಲ. ತೇವದ ಪ್ರಮಾಣವನ್ನು ನೋಡಿ ಉಪಾಯ ಹೇಳಿದ.

ಇಟ್ಟಿಗೆ, ಗಾರೆ ಎರಡರಲ್ಲೂ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಗೋಡೆಯೂ ನೆಲದ ನೀರನ್ನು ಎಳೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕೈಗಾರಿಕಾ ನಗರಗಳು ಬೆಳೆದಾಗ ಕೂಲಿಕಾರರ ಮನೆಗಳು ಇಂಥ ತೇವದಲ್ಲಿ ಮುಳುಗಿದ್ದವು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ಹಿಂದೆಯೇ ಬಂದ ಉಪವಿಧಿಗಳು ಗೋಡೆಯ ಬುಡದಲ್ಲಿ ನೀರೇರದ ಒಂದು ಅಡ್ಡಪದರವನ್ನು ಹಾಕುವುದನ್ನು ವಾಡಿಕೆಗೆ ತಂದವು. ಸಿಮೆಂಟಿನಲ್ಲಿ ಕೂರಿಸಿದ ಸ್ಲೇಟು ಕಲ್ಲು, ಡಾಂಬರು, ಗಟ್ಟಿಯಾಗಿ ಸುಟ್ಟ ಇಟ್ಟಿಗೆ—ಇವೆಲ್ಲ ಆ ಕೆಲಸಕ್ಕೆ ಒದಗಿದವು. ನಮ್ಮ ಮೇಸ್ತ್ರಿಗಳು ಇಂದಿಗೂ ಡಿ.ಪಿ.ಸಿ. ಎನ್ನುವುದು ಈ ಪದರವನ್ನೇ.

ಇಂಗ್ಲೆಂಡಿನ ಮನೆಗಳಲ್ಲಿ ಹಲಗೆಯ ನೆಲದ ಕೆಳಗೆ ತೆರಪು ಬಿಡುತ್ತಿದ್ದರು. ಅಮೆರಿಕದಲ್ಲಿ ಈ ತೆರಪಿಗೆ ‘ಕ್ರಾಲ್ ಸ್ಪೇಸ್’ ಎಂದು ಹೆಸರು. ಅಂಬೆಗಾಲಿಟ್ಟು ಮಾತ್ರ ಒಳಗೆ ಹೋಗಬಹುದಾದ ಜಾಗವೆಂದು ಅರ್ಥ. ಮರದಲ್ಲಿ ತೇವ ನೂರಕ್ಕೆ ಇಪ್ಪತ್ತನ್ನು ಮೀರಿದರೆ ಬೂಷ್ಟು ಹತ್ತಿ ಕೊಳೆಯುವ ಭಯ. ಆದ್ದರಿಂದ ಸುತ್ತಲೂ ಕಿಂಡಿಗಳನ್ನಿಟ್ಟು ಗಾಳಿಯಾಡಿಸಬೇಕೆಂಬ ನಿಯಮ ಹುಟ್ಟಿತು. ನೆಲದ 150 ಚದರಡಿಗೆ ಒಂದು ಚದರಡಿ ಕಿಂಡಿ ಎಂಬ ಲೆಕ್ಕ ಅಮೆರಿಕದ ಕಟ್ಟಡ ಸಂಹಿತೆಯಲ್ಲಿ ಬೇರೂರಿತು.

ಬರಿಯ ಮಣ್ಣು ಕೂಡ ಸುಮ್ಮನಿರುವುದಿಲ್ಲ. ನ್ಯೂಜಿಲೆಂಡಿನಲ್ಲಿ ಅಳೆದು ನೋಡಿದಾಗ, ನೂರು ಚದರ ಮೀಟರಿನ ಮನೆಯ ಅಡಿಯ ಮಣ್ಣಿನಿಂದ ದಿನಕ್ಕೆ ಸುಮಾರು 40 ಲೀಟರು ನೀರು ಆವಿಯಾಗಿ ಏಳುವುದು ಕಂಡುಬಂತು. ಎರಡು ದೊಡ್ಡ ಕೊಡಗಳಷ್ಟು ನೀರನ್ನು ದಿನವೂ ಯಾರೋ ನಿಮ್ಮ ಮನೆಯ ಕೆಳಗೆ ಕಾಯಿಸುತ್ತಿದ್ದಂತೆ! ಮಣ್ಣನ್ನು ಮುಚ್ಚಲು ಮೊದಲು ಡಾಂಬರು ಹಚ್ಚಿದ ಹಾಳೆಗಳಿದ್ದವು. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಫಾಸೆಟ್ ಮತ್ತು ಗಿಬ್ಸನ್ ಎಂಬ ಇಬ್ಬರು ರಸಾಯನಜ್ಞರಿಗೆ ಅಕಸ್ಮಾತ್ತಾಗಿ ಪಾಲಿಥೀನ್ ದೊರಕಿತು. ಯುದ್ಧಾನಂತರ ಅದು ಅಗ್ಗವಾಗಿ, ನೆಲಕ್ಕೆ ಹಾಸುವ ಹಾಳೆಯಾಯಿತು.

ಇಷ್ಟಾದರೂ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ತೊಲೆಗಳು ಕೊಳೆಯುವುದು ನಿಲ್ಲಲಿಲ್ಲ. ಏಕೆ? ನಿಮ್ಮ ಅಡಿಗೆಮನೆಯನ್ನೇ ನೆನೆದುಕೊಳ್ಳಿ. ಆಷಾಢದಲ್ಲಿ ಹಪ್ಪಳದ ಡಬ್ಬಿಯನ್ನು ಗಾಳಿಯಾಡಲೆಂದು ಯಾರಾದರೂ ತೆರೆದಿಡುತ್ತಾರೆಯೆ? ಮೂವತ್ತು ಡಿಗ್ರಿ ಸೆಲ್ಸಿಯಸ್ ಶಾಖದ ಒಂದು ಘನ ಮೀಟರು ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. ಇಪ್ಪತ್ತು ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಹೊರಗಿನ ಬಿಸಿಯಾದ ತೇವದ ಗಾಳಿ ನೆಲದಡಿಯ ತಂಪಿಗೆ ಬಂದಾಗ, ಹೊರಲಾರದ ನೀರನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಒಣಗಿಸಲೆಂದು ಇಟ್ಟ ಕಿಂಡಿಯೇ ನೀರು ತರುವ ದಾರಿಯಾಗುತ್ತದೆ. ಚಳಿಯ, ಒಣಹವೆಯ ನಾಡಿಗೆ ಸರಿಯಾಗಿದ್ದ ನಿಯಮ ಸೆಕೆಯ ನಾಡಿಗೆ ಸರಿಹೋಗಲಿಲ್ಲ.

ಇದನ್ನು ಪರೀಕ್ಷಿಸಿದ ಊರು ಉತ್ತರ ಕೆರೊಲಿನಾದ ಪ್ರಿನ್ಸ್‌ವಿಲ್. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು ನೆಲೆಸಿ, 1885ರಲ್ಲಿ ಪುರಸಭೆಯ ಹಕ್ಕು ಪಡೆದ ಊರು ಅದು. 1999ರಲ್ಲಿ ಫ್ಲಾಯ್ಡ್ ಚಂಡಮಾರುತದ ಪ್ರವಾಹ ಆ ಊರನ್ನು ಮುಳುಗಿಸಿತು. ಅನಂತರ 2001ರಿಂದ ಅಲ್ಲಿ ಹೊಸದಾಗಿ ಕಟ್ಟಿದ ಹನ್ನೆರಡು ಮನೆಗಳನ್ನು ಪರೀಕ್ಷೆಗೆ ಆರಿಸಿಕೊಂಡರು. ಕೆಲವಕ್ಕೆ ನೆಲದ ಹಾಳೆಯೂ ಕಿಂಡಿಗಳೂ ಇದ್ದವು. ಉಳಿದವುಗಳಲ್ಲಿ ಕಿಂಡಿಗಳನ್ನೇ ಮುಚ್ಚಿ, ಹಾಳೆಯನ್ನು ಗೋಡೆಯ ಮೇಲಕ್ಕೂ ಎಳೆದು ಅಂಟಿಸಿ, ಮನೆಯೊಳಗಿನ ಒಣಗಾಳಿಯನ್ನು ಸ್ವಲ್ಪ ಬಿಡಲಾಯಿತು. ಬೇಸಗೆಯಲ್ಲಿ ಮುಚ್ಚಿದ ತೆರಪುಗಳೇ ಒಣಗಿದ್ದವು. ಮನೆಯನ್ನು ಬೆಚ್ಚಗೆ ಅಥವಾ ತಂಪಾಗಿಡುವ ಶಕ್ತಿಯ ಖರ್ಚೂ ಸರಾಸರಿ ನೂರಕ್ಕೆ ಹದಿನೈದರಷ್ಟೋ ಅದಕ್ಕಿಂತ ಹೆಚ್ಚಾಗಿಯೋ ತಗ್ಗಿತು. ಎಲ್ಲವನ್ನೂ ಕಳೆದುಕೊಂಡು ಮತ್ತೆ ಮನೆ ಕಟ್ಟಿಕೊಳ್ಳುವವರಿಗೆ ಇದು ಸಣ್ಣ ಲಾಭವಲ್ಲ.

ಹಾಗೆಂದು ಎಲ್ಲವನ್ನೂ ಮುಚ್ಚಿಬಿಡುವುದೂ ಜಾಣತನವಲ್ಲ. ಕೆಳಗೆ ನೀರು ನಿಲ್ಲುತ್ತಿದ್ದರೆ ಹಾಳೆ ಅದನ್ನು ಮರೆಮಾಡುತ್ತದೆ, ಹೋಗಲಾಡಿಸುವುದಿಲ್ಲ. ಅಲ್ಲಿ ಬೆಂಕಿಯ ಒಲೆ ಇದ್ದರೆ ಅದಕ್ಕೆ ಗಾಳಿ ಬೇಕು. ಗೆದ್ದಲನ್ನು ನೋಡಲು ದಾರಿ ಬೇಕು. ಪ್ರವಾಹ ಬರುವ ಕಡೆ ನೀರು ಹಾದುಹೋಗಲು ಬಾಗಿಲು ಬೇಕು.

ನಮ್ಮ ನಾಡಿನ ಹಿರಿಯರಿಗೆ ಈ ತತ್ತ್ವ ತಿಳಿಯದೇ ಇರಲಿಲ್ಲ. ಜೋಳ, ರಾಗಿಗಳನ್ನು ನೆಲದೊಳಗಿಡುವ ಹಗೇವಿಗೆ ಅವರು ನೀರು ನಿಲ್ಲದ ಜಾಗವನ್ನು ಆರಿಸಿ, ಒಳಗೆ ಹುಲ್ಲು ಹೊದಿಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮೊದಲು ನೆಲ, ಆಮೇಲೆ ಹೊದಿಕೆ, ಕೊನೆಗೆ ಮುಚ್ಚಳ. ಈ ಕ್ರಮವೇ ಮುಖ್ಯ.

ನಮ್ಮ ಪಟ್ಟಣದ ಮನೆಗಳಲ್ಲಿ ಸಾಮಾನ್ಯವಾಗಿ ನೆಲದಡಿ ತೆರಪಿಲ್ಲ. ಮಣ್ಣು ತುಂಬಿದ ತಳಪಾಯವಿದೆ. ಸುತ್ತಲ ನೆಲಕ್ಕಿಂತ ಅದು ಕಡಮೆಯೆಂದರೆ 45 ಸೆಂಟಿಮೀಟರು ಎತ್ತರವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಆದರೆ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಬೀದಿ ಏರುತ್ತದೆ; ನಾವೂ ಅಂಗಳಕ್ಕೆ ಮಣ್ಣು ತುಂಬಿ ಸಿಮೆಂಟು ಹಾಕಿಸುತ್ತೇವೆ. ಹೀಗೆ ಕಾಪಾಡುವ ಪದರ ಮಣ್ಣಿನಲ್ಲಿ ಹೂತುಹೋದ ಮೇಲೆ, ತೇವ ಅದನ್ನು ದಾಟಿ ಮೇಲೇರುತ್ತದೆ. ಒಳಗಡೆ ನೀರು ಬಿಡದ ಬಣ್ಣ ಬಳಿದರೆ ಅದು ಇನ್ನಷ್ಟು ಮೇಲೆ ಹೋಗಿ ಹೊರಬರುತ್ತದೆ, ಅಷ್ಟೆ.

ಆದುದರಿಂದ ಹಣ ಖರ್ಚುಮಾಡುವ ಮುನ್ನ ಒಂದು ಜಡಿಮಳೆಯ ದಿನ ಮನೆಯನ್ನೊಮ್ಮೆ ಸುತ್ತಿ ಬನ್ನಿ. ಮಾಡಿನ ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಹರಿಯುತ್ತದೆ, ಅಂಗಳ ಎಲ್ಲಿಯವರೆಗೆ ಏರಿದೆ ಎಂಬುದನ್ನು ನೋಡಿ. ನೀರನ್ನು ಮೊದಲು ದೂರ ಹರಿಸಿ. ನೆಲದಿಂದ ಏರುವುದನ್ನು ಪದರದಿಂದ ತಡೆಯಿರಿ. ಗಾಳಿ ಒಣಗಿದ್ದಾಗ ಕಿಟಕಿ ತೆರೆಯಿರಿ, ತೇವವಾಗಿದ್ದಾಗ ಮುಚ್ಚಿರಿ. ಯಾವ ವಸ್ತು ಕೊಳ್ಳಬೇಕೆಂಬ ಪ್ರಶ್ನೆ ಇದೆಲ್ಲ ಆದ ಮೇಲಿನದು. ಅಂಗಡಿಯವನು ಅದಕ್ಕೆ ಉತ್ತರ ಕೊಡಬಲ್ಲ. ಮೊದಲಿನ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾದವರು ನೀವು.