ಕಡಲು ದಾಟಿ ಬಂದ ಕುದುರೆ, ನಮ್ಮ ಹಟ್ಟಿಯ ಗೊರಸು



ಉಡುಪಿ, ಕಾಪು, ಕಾರ್ಕಳದ ಕಡೆ ಹಟ್ಟಿಗೆ ಇಣುಕಿದರೆ ದನ ಕಾಣುತ್ತದೆ, ಎಮ್ಮೆ ಕಾಣುತ್ತದೆ, ಅನುಕೂಲಸ್ಥರ ಮನೆಯಾದರೆ ಕಂಬಳದ ಕೋಣವೂ ಕಾಣುತ್ತದೆ. ಕುದುರೆ ಮಾತ್ರ ಅಪರೂಪ. ಇದು ಇಂದು ನಿನ್ನೆಯ ಮಾತಲ್ಲ. 1342ರ ಸುಮಾರಿಗೆ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತ ನಮ್ಮ ಬಾರಕೂರಿಗೆ ಬಂದಿದ್ದ. ಈ ಕರಾವಳಿಯಲ್ಲಿ ಅರಸನಿಗಲ್ಲದೆ ಇನ್ನಾರಿಗೂ ಕುದುರೆಯಿಲ್ಲ, ಹೊರೆಯನ್ನು ಆಳುಗಳೇ ಹೊರುತ್ತಾರೆ ಅಂತ ಅವನು ಹೇಳಿದ್ದಾನೆ.

ಹಾಗಾದರೆ ಕುದುರೆ ಈ ದಾರಿಯನ್ನೇ ಕಂಡಿರಲಿಲ್ಲವೋ? ಧಾರಾಳವಾಗಿ ಕಂಡಿತ್ತು. ಹೊರ್ಮುಜಿನಿಂದ ಹಡಗು ಹತ್ತಿ ಭಟ್ಕಳ ಮೊದಲಾದ ರೇವುಗಳಲ್ಲಿ ಇಳಿದು, ಘಟ್ಟ ಏರಿ ವಿಜಯನಗರಕ್ಕೆ ಹೋಗುತ್ತಿತ್ತು. ಅಲ್ಲಿಯ ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸನಾದ ನೂನಿಜ್ ಬರೆದಿದ್ದಾನೆ.

ವರ್ಷ ವರ್ಷವೂ ಅಷ್ಟೊಂದು ಯಾಕೆ ಬೇಕಾಯಿತು? ಯುದ್ಧ ಒಂದು ಕಾರಣ, ನಿಜ. ಆದರೆ 13ನೆಯ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ ಇನ್ನೊಂದನ್ನು ಹೇಳುತ್ತಾನೆ. ಅಲ್ಲಿ ಕುದುರೆಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಿದ್ದರಂತೆ. ಆರೈಕೆ ಬಲ್ಲವರಿಲ್ಲದೆ ಕೊಂಡ ಕುದುರೆಗಳಲ್ಲಿ ಬಹುಪಾಲು ವರ್ಷದೊಳಗೇ ಸಾಯುತ್ತಿದ್ದುವಂತೆ. ಕುದುರೆ ವ್ಯಾಪಾರಿಗಳು ತಮ್ಮ ಜೊತೆ ಪಶುವೈದ್ಯನನ್ನು ಕರೆತರುತ್ತಿರಲಿಲ್ಲ, ಬೇರೆ ವೈದ್ಯ ಬಾರದಂತೆಯೂ ನೋಡಿಕೊಳ್ಳುತ್ತಿದ್ದರಂತೆ. ಕುದುರೆ ಸತ್ತರೆ ತಾನೇ ಮತ್ತೊಂದು ಮಾರಾಟ! ನಮ್ಮವರಿಗೆ ಶಾಸ್ತ್ರ ಗೊತ್ತಿರಲಿಲ್ಲ ಅಂತಲ್ಲ. 12ನೆಯ ಶತಮಾನದಲ್ಲೇ ಚಾಲುಕ್ಯ ವಂಶದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಅನಂತರ ಅಭಿನವಚಂದ್ರ ‘ಅಶ್ವವೈದ್ಯ’ ಬರೆದ. ಪುಸ್ತಕದ ಮಾತು ಲಾಯದವರೆಗೆ ಹೋಗಬೇಕಲ್ಲ.

ಆ ಅನ್ನದ ಸಂಗತಿ ಇಂದಿನ ಪಶುವೈದ್ಯರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕುದುರೆ ಹುಲ್ಲು ತಿನ್ನುವ ಪ್ರಾಣಿ. ಧಾನ್ಯ ಅತಿಯಾದರೆ ಕರುಳಲ್ಲಿ ಹುಳಿದು, ಗೊರಸಿನ ಒಳಪದರಕ್ಕೆ ಉರಿಯೂತ ಬರಬಹುದು. ಗೊರಸು ಬಿಸಿಯಾಗುತ್ತದೆ. ಕುದುರೆ ಮುಂಗಾಲು ಮುಂದೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಕೊಟ್ಟು ನಿಲ್ಲುತ್ತದೆ. ಹೀಗೆ ಕಂಡ ದಿನವೇ ವೈದ್ಯರನ್ನು ಕರೆಸಬೇಕು, ನಾಳೆ ನೋಡೋಣ ಎಂದರೆ ಕಾಲು ಕೆಟ್ಟಂತೆಯೇ.

ಇನ್ನೊಂದು ಕಾಟ ನಮ್ಮ ಮಳೆಯದು. ಅಂಗಾಲಿನ ನಡುವೆ ತ್ರಿಕೋನದಂಥ ಮೆತ್ತನೆಯ ಭಾಗವಿದೆ. ಸಗಣಿ, ಗಂಜಳದ ಹಸಿಯಲ್ಲೇ ನಿಂತರೆ ಅದು ಕೊಳೆತು, ಕರಿ ರಸ ಸುರಿದು, ಮೂಗು ಮುಚ್ಚುವಷ್ಟು ನಾರುತ್ತದೆ. ಮೊಂಡು ಕೊಕ್ಕೆಯಿಂದ ದಿನಾ ಕೆಸರು ತೆಗೆಯಬೇಕು, ನಿಲ್ಲುವ ನೆಲ ಒಣಗಿರಬೇಕು. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುವಂಥದು. ಆರೆಂಟು ವಾರಕ್ಕೊಮ್ಮೆ ಬಲ್ಲವರಿಂದ ಕತ್ತರಿಸಿಸದಿದ್ದರೆ ಸೀಳುತ್ತದೆ.

ಕುದುರೆಯಿಲ್ಲದ ನಮಗೆ ಇದೆಲ್ಲ ಯಾತಕ್ಕೆ ಅಂತೀರಾ? ಹಟ್ಟಿಗೆ ಸೊಪ್ಪು ಹಾಕಿ ಗೊಬ್ಬರ ಮಾಡುವವರು ನಾವು. ಗದ್ದೆಗೆ ಅದು ಬಂಗಾರ, ಆಟಿ ತಿಂಗಳಲ್ಲಿ ದನದ ಗೊರಸಿಗೆ ಮಾತ್ರ ಕಂಟಕ. ಸೊಪ್ಪು ತುಂಬಿದರೂ ದನ ಮಲಗುವ ಒಂದು ಮೂಲೆಯನ್ನಾದರೂ ಎತ್ತರಿಸಿ ಒಣಗಿಸಿಡಿ. ಕಂಬಳದ ಗದ್ದೆಯಿಂದ ಬಂದ ಕೋಣದ ಗೊರಸಿನ ಸಂದು ತೊಳೆದು ಒರೆಸಿ. ಕಾಲುಬಾಯಿ ಜ್ವರ ಕುದುರೆಗೆ ಬಾರದು, ಅದು ಸೀಳು ಗೊರಸಿನ ದನ, ಎಮ್ಮೆ, ಆಡು, ಹಂದಿಗಳ ರೋಗ. ಬಾಯಲ್ಲಿ ಗುಳ್ಳೆ, ಜೊಲ್ಲು, ಜೊತೆಗೆ ಕುಂಟು ಕಂಡರೆ ಬೇರೆ ಕಟ್ಟಿ ಪಶು ಆಸ್ಪತ್ರೆಗೆ ತಿಳಿಸಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದನ, ಎಮ್ಮೆಗಳಿಗೆ ಇದರ ಲಸಿಕೆ ಪುಕ್ಕಟೆ.

ಬರಿ ಗೊರಸಿನ ಕೊಳೆತವಾದರೆ ಅಡಿಕೆಗೆ ಹೊಡೆಯುವ ಅದೇ ಮೈಲುತುತ್ತ ಸಾಕಾಗುತ್ತದೆ. ವೈದ್ಯರನ್ನು ಕೇಳಿಕೊಂಡು, 10 ಲೀಟರ್ ನೀರಿಗೆ ಅರ್ಧ ಕಿಲೋದಂತೆ ಕರಗಿಸಿ, ಗೊರಸು ಮುಳುಗುವಷ್ಟು ಆಳದ ತೊಟ್ಟಿಯಲ್ಲಿ ದನವನ್ನು ನಡೆಸಿ. ಮೊದಲು ಕಾಲು ತೊಳೆದಿರಬೇಕು. ಆ ನೀರನ್ನು ದನ ಕುಡಿಯಬಾರದು, ಉಳಿದದ್ದನ್ನು ಬಾವಿ, ಕೆರೆಯ ಬಳಿ ಚೆಲ್ಲಲೂಬಾರದು.