ಕ್ಯಾಮೆರಾ ಕಂಡ ಕನ್ನಡ ನಾಡು

ಚಿತ್ರಕ್ಕೆ ಭಾಷೆಯಿಲ್ಲ ಎಂಬ ಮಾತುಂಟು. ಹಾಗಿದ್ದರೆ ಒಂದು ಹಕ್ಕಿಯ, ಒಂದು ಕರಡಿಯ ಛಾಯಾಚಿತ್ರವನ್ನು ಕನ್ನಡದ್ದೆಂದು ಕರೆಯುವುದು ಹೇಗೆ? ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆನಿಂತು, ಮಕ್ಕಳಿಗೆ ಊರನ್ನು ಹೆಚ್ಚಾಗಿ ಚಿತ್ರಗಳಲ್ಲೇ ತೋರಿಸುತ್ತಿರುವ ನಮಗೆ ಇದು ಬರಿಯ ಕಲಾವಿಚಾರವಲ್ಲ.

ಈ ಚರಿತ್ರೆಯ ಒಂದು ಎಳೆ ಮುಂಬಯಿಗೇ ಸೇರಿದ್ದು. 1883ರಲ್ಲಿ ಇಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಡಾ. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮುಂದೆ ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದ ಟಿ. ಎನ್. ಎ. ಪೆರುಮಾಳ್ (1932–2017) ನಿಸರ್ಗ ಛಾಯಾಗ್ರಹಣವನ್ನು ಕಲೆಯ ಮಟ್ಟಕ್ಕೇರಿಸಿದರು. 1971ರಲ್ಲಿ ಅಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿಯೂ ಆರಂಭವಾಯಿತು. ಒಂದು ಸುರುಳಿ ಫಿಲ್ಮಿನಲ್ಲಿ ಮೂವತ್ತಾರೇ ಚಿತ್ರಗಳ ಕಾಲವದು. ಮರೆಯಲ್ಲಿ ಗಂಟೆಗಟ್ಟಲೆ ಕುಳಿತು, ಕತ್ತಲಕೋಣೆಯಲ್ಲಿ ತೊಳೆದು ನೋಡುವವರೆಗೆ ಏನು ದಕ್ಕಿತೆಂದು ತಿಳಿಯುತ್ತಿರಲಿಲ್ಲ.

ನಮಗೆ ವಿಶೇಷವಾಗಿ ಹತ್ತಿರವೆನಿಸುವವರು ಸೊಂಡೂರಿನ ಎಂ. ವೈ. ಘೋರ್ಪಡೆ (1931–2011). ಕನ್ನಡ ನೆಲದಲ್ಲಿ ಬೇರೂರಿದ ಮರಾಠಾ ರಾಜಮನೆತನ ಅವರದು. ಸೊಂಡೂರು ಸಂಸ್ಥಾನ 1949ರಲ್ಲಿ ಮದರಾಸಿನಲ್ಲಿ ವಿಲೀನವಾಗಿ, 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಸೇರಿತು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದ ಘೋರ್ಪಡೆಯವರು ಕಾಡಿನಲ್ಲಿ ಕ್ಯಾಮೆರಾ ಹಿಡಿದು ಅಲೆದವರು. ಕಪ್ಪು-ಬಿಳುಪಿನ ಅವರ ವನ್ಯಜೀವಿ ಚಿತ್ರಗಳ 'ಸನ್‌ಲೈಟ್ ಅಂಡ್ ಶ್ಯಾಡೋಸ್' 1983ರಲ್ಲಿ ಹೊರಬಂತು. ಅವರ ಊರಿನ ಬೆಟ್ಟಗಳ ಒಡಲಲ್ಲಿ ಅದಿರಿತ್ತು. 1954ರಲ್ಲಿ ಗಣಿ ಕಂಪನಿ ಕಟ್ಟಿದ್ದು ಅವರ ಮನೆತನವೇ. ಬಳ್ಳಾರಿ ಸೀಮೆಯ ಗಣಿಗಾರಿಕೆ ಮಿತಿಮೀರಿದಾಗ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯೊಡ್ಡಬೇಕಾಯಿತು. ಇಂಥ ನೆಲದಲ್ಲಿ ತೆಗೆದ ಚಿತ್ರ ಅಂದಿಗೆ ಸೊಬಗು, ಇಂದಿಗೆ ಸಾಕ್ಷಿ. ಸಮೀಪದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾದುದು ಸಮಾಧಾನದ ಸಂಗತಿ.

ಆದರೆ ನಾವು ಮೊದಲು ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಪೂರ್ಣಚಂದ್ರ ತೇಜಸ್ವಿ (1938–2007). ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಅವರು ಹಕ್ಕಿಗಳ ಚಿತ್ರ ತೆಗೆದರು. ಅಷ್ಟಕ್ಕೇ ನಿಲ್ಲದೆ 'ಕನ್ನಡ ನಾಡಿನ ಹಕ್ಕಿಗಳು' ಬರೆದು, ಪ್ರತಿಯೊಂದಕ್ಕೂ ಕನ್ನಡದ ಹೆಸರನ್ನಿಟ್ಟು ಓದುಗರ ಕೈಗಿತ್ತರು. ಚಿತ್ರ ಯಾರಿಗೂ ಸೇರಬಹುದು. ಹೆಸರಿಟ್ಟು ಕರೆದಾಗಲೇ ಅದು ನಮ್ಮದಾಗುತ್ತದೆ. ಕೃಪಾಕರ-ಸೇನಾನಿಯವರ ಕಾಡುನಾಯಿಗಳ ಚಿತ್ರಕ್ಕೆ 2010ರಲ್ಲಿ 'ಗ್ರೀನ್ ಆಸ್ಕರ್' ಎನ್ನಲಾಗುವ ಪ್ರಶಸ್ತಿ ಬಂತು. 2020ರಲ್ಲಿ ತೆರೆಕಂಡ, ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ 'ವೈಲ್ಡ್ ಕರ್ನಾಟಕ'ಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ ದನಿ ನೀಡಿದರೆ ಕನ್ನಡದಲ್ಲಿ ರಿಷಬ್ ಶೆಟ್ಟಿ ನೀಡಿದರು. ಚಿತ್ರ ಅದೇ, ಮನೆಗೆ ಬಂದು ಮಾತಾಡಿದ್ದು ಮಾತ್ರ ಆ ಕನ್ನಡದ ದನಿ.

ಇತ್ತ ನಮ್ಮ ಹಿತ್ತಿಲಲ್ಲೇ ಠಾಣೆ ಖಾರಿಯಿದೆ. 2015ರಲ್ಲಿ ಅದು ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಚಳಿಗಾಲದಲ್ಲಿ ಐರೋಲಿಯ ಕಡೆ ಹೋದರೆ ನಮ್ಮ ಮಕ್ಕಳು ಮೊಬೈಲಿನಲ್ಲೇ ಹತ್ತಾರು ಚಿತ್ರ ತೆಗೆಯುತ್ತಾರೆ. ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ 'ಖಂಡ್ಯಾ' ಎನ್ನುತ್ತಾರೆ, 'ಬಗಳಾ' ಎನ್ನುತ್ತಾರೆ. ಅದು ಚೆನ್ನಾಗಿಯೇ ಇದೆ. ಈ ನೆಲದ ಅನ್ನ ಉಣ್ಣುವವರು ಈ ನೆಲದ ಹೆಸರುಗಳನ್ನೂ ಕಲಿಯಬೇಕು. ಆದರೆ ಅದರ ಜೊತೆಗೆ ಮಿಂಚುಳ್ಳಿ, ಬೆಳ್ಳಕ್ಕಿ ಎಂಬ ಮಾತುಗಳು ಮನೆಯಲ್ಲಿ ಕೇಳಿಸದೆ ಹೋದರೆ ಒಂದು ತಲೆಮಾರಿನಲ್ಲೇ ಅವು ನಮ್ಮ ಪಾಲಿಗೆ ಇಲ್ಲವಾಗುತ್ತವೆ. ಹಕ್ಕಿ ಉಳಿದೀತು, ಹೆಸರು ಹಾರಿಹೋದೀತು.

ಆದ್ದರಿಂದ ನಮ್ಮ ಸಂಘಗಳು ರಾಜ್ಯೋತ್ಸವದಂದು ಹಾಡು, ನಾಟಕಗಳ ಜೊತೆಗೆ ಒಂದು ಗೋಡೆಯನ್ನು ಮಕ್ಕಳ ಛಾಯಾಚಿತ್ರಗಳಿಗೆ ಬಿಟ್ಟುಕೊಡಲಿ. ಖಾರಿಯ ಹಕ್ಕಿಯಿರಲಿ, ರಜೆಯಲ್ಲಿ ಕಂಡ ಊರಿನ ಗದ್ದೆಯಿರಲಿ, ಕೆಳಗೆ ಕನ್ನಡದಲ್ಲಿ ಹೆಸರಿರಲಿ. ಆ ಹೆಸರು ಹೇಳಿಕೊಡುವ ಕೆಲಸ ಮನೆಯ ಅಜ್ಜಿ-ತಾತಂದಿರದು.