ಭಾರತೀಯ ವಿಜ್ಞಾನ ಸಂಸ್ಥೆಯ ಮುಖ್ಯ ಕಟ್ಟಡ

ಬೆಂಗಳೂರಿನ ಯಶವಂತಪುರ–ಮಲ್ಲೇಶ್ವರಗಳ ನಡುವೆ ಇರುವ ಬೂದು ಕಲ್ಲಿನ, ಎತ್ತರದ ಗೋಪುರದ ಕಟ್ಟಡ. ವಾಸ್ತುಶಿಲ್ಪಿ ಮುಂಬಯಿಯ ಸಿ. ಎಫ್. ಸ್ಟೀವನ್ಸ್. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು.

ಸಂಸ್ಥೆಯ ಕಲ್ಪನೆ ಜಮ್‌ಷೆಟ್‌ಜಿ ನಸರ್‌ವಾನ್‌ಜಿ ಟಾಟಾ ಅವರದು. ಅದಕ್ಕಾಗಿ ಅವರು ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಮೀಸಲಿಟ್ಟರು. ಬ್ರಿಟಿಷ್ ಸರ್ಕಾರ ಮೀನಮೇಷ ಎಣಿಸುತ್ತಿದ್ದಾಗಲೇ, 1904ರಲ್ಲಿ ತೀರಿಕೊಂಡರು. ಮಕ್ಕಳಾದ ದೊರಾಬ್‌ಜಿ, ರತನ್‌ಜಿ ತಂದೆಯ ಮಾತು ಉಳಿಸಿದರು. ಮೈಸೂರು ಸಂಸ್ಥಾನ ಕೊಟ್ಟದ್ದು ಸುಮಾರು 370 ಎಕರೆ ಜಮೀನು ಮತ್ತು ಹಣ. ಈ ದಾನವನ್ನು ಟಾಟಾ ಕೊಡುಗೆಯ ನೆರಳಿನಲ್ಲಿ ಮರೆಯುವುದು ನ್ಯಾಯವಲ್ಲ. 1909ರಲ್ಲಿ ಸಂಸ್ಥೆ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ಮೊದಲ ನಿರ್ದೇಶಕ ರಸಾಯನವಿಜ್ಞಾನಿ ಮಾರಿಸ್ ಟ್ರಾವರ್ಸ್. 1958ರಲ್ಲಿ ಇದು ಪರಿಗಣಿತ ವಿಶ್ವವಿದ್ಯಾಲಯವಾಯಿತು.

ಕಟ್ಟಡದ ಮುಂದೆ ಗಿಲ್ಬರ್ಟ್ ಬೇಯ್ಸ್ ರೂಪಿಸಿದ ಜಮ್‌ಷೆಟ್‌ಜಿ ಪ್ರತಿಮೆಯಿದೆ. ಅವರ ಕೈಯಲ್ಲಿರುವುದು ಸಂಸ್ಥೆಯದೇ ಪುಟ್ಟ ಮಾದರಿ. ಬದುಕಿದ್ದಾಗ ಅವರು ಆ ಸಂಸ್ಥೆಯನ್ನು ಕಾಣಲಿಲ್ಲ. ಸಂಸ್ಥೆಯ ಅಧಿಕೃತ ಹೆಸರಿನಲ್ಲಿ ಟಾಟಾ ಎಂಬ ಪದವೇ ಇಲ್ಲ. ಆದರೂ ಹಳೆಯ ಬೆಂಗಳೂರಿಗರಿಗೆ ಇದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’.